ನೆಸ್ಟಾಳ ಮನೆಯಲ್ಲಿ ಹನ್ನೆರಡು ದಿನ

ನಮ್ಮಣ್ಣ ಗೆರಾಲ್ಟ್ ತೀರಿಕೊಂಡಾಗ, ಚಾಪೆಲಿನಲ್ಲಿ ಪ್ರಾರ್ಥನೆಯ ನಡುವೆ ಎಲ್ಲರೂ ಒಮ್ಮೆ ಜೋರಾಗಿ ನಕ್ಕರು. ಅವನ ಬ್ರೇಕಿಲ್ಲದ ಟ್ರ್ಯಾಕ್ಟರು ಇಳಿಜಾರಿನಲ್ಲಿ ತಾನಾಗಿ ಹೊರಟು ಪಾದ್ರಿಯ ಎಲೆಕೋಸಿನ ಪಾತಿಯಲ್ಲಿ ಹೋಗಿ ನಿಂತ ಕಥೆಯನ್ನು ಆ ಪಾದ್ರಿಯೇ ನಮ್ಮ ವೆಲ್ಷ್ ಭಾಷೆಯಲ್ಲಿ ಹೇಳಿದ್ದರು. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಡತಿ ಪಾಲೀನಳೂ ನಕ್ಕಳು, ಎಲ್ಲರಿಗಿಂತ ಒಂದು ಉಸಿರು ತಡವಾಗಿ.

ಹೊರಗೆ ಬಂದು ಕಾರು ಹತ್ತಿದ ಮೇಲೆ ಅವಳು ಇಂಗ್ಲಿಷಿನಲ್ಲಿ ಕೇಳಿದಳು: "ಅಲ್ಲಿ ಎಲ್ಲರೂ ನಕ್ಕದ್ದು ಯಾಕೆ?"

ನಾನು ಟ್ರ್ಯಾಕ್ಟರಿನ ಕಥೆ ಹೇಳಿದೆ. ಇಂಗ್ಲಿಷಿನಲ್ಲಿ ಅದು ಅಂಥ ನಗೆಯ ಕಥೆ ಅನ್ನಿಸಲಿಲ್ಲ. ಅವಳು ನಗಲೂ ಇಲ್ಲ.

"ನಲವತ್ತೊಂದು ವರ್ಷದಿಂದ ಜನರ ಮುಖ ನೋಡ್ಕೊಂಡು ನಗ್ತಾ ಬಂದಿದೀನಿ," ಎಂದಳು. ಆಮೇಲೆ ನಮ್ಮೂರು ಪುಲ್‌ಹೆಲಿ ಬರುವ ತನಕ ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡೇ ಇದ್ದಳು.

ಪಾಲೀನ್ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಇಂಗ್ಲಿಷರ ಊರಾದ ವುಲ್ವರ್‌ಹ್ಯಾಂಪ್ಟನ್ನಿನಿಂದ ಇಲ್ಲಿನ ರಜಾ ಶಿಬಿರದ ಅಡಿಗೆಮನೆಗೆ ಕೆಲಸಕ್ಕೆ ಬಂದವಳು. ನಾನು ಬಂದರಿನಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಿದ್ದೆ. ಅವಳಿಗೆ ಬರುತ್ತಿದ್ದದ್ದು ಇಂಗ್ಲಿಷ್ ಒಂದೇ, ಹಾಗಾಗಿ ನಮ್ಮ ಮೊದಲ ಮಾತು ಇಂಗ್ಲಿಷಿನಲ್ಲಿ ಆಯಿತು. ಎರಡನೆಯದೂ ಆಯಿತು. ಮದುವೆಯಾದ ಮೇಲೂ ಅದೇ ಮುಂದುವರಿಯಿತು. ಮಕ್ಕಳಾಗಿದ್ದರೆ ಶಾಲೆಯ ಕಡೆಯಿಂದಾದರೂ ವೆಲ್ಷ್ ನಮ್ಮ ಮನೆಯೊಳಗೆ ಬರುತ್ತಿತ್ತೇನೋ. ಆಗಲಿಲ್ಲ. ಮೂರು ಸಲ ಸಂಜೆ ಕ್ಲಾಸಿಗೆ ಸೇರಿದಳು. ಮೂರು ಸಲವೂ ಚಳಿಗಾಲ ಬರುವ ಹೊತ್ತಿಗೆ ಬಿಟ್ಟಳು. ಆದರೂ ಕೇಳಿ ಕೇಳಿ ಅರ್ಧಕ್ಕಿಂತ ಹೆಚ್ಚು ಅರ್ಥವಾಗುತ್ತಿತ್ತು, ಹವಾಮಾನದ ಸುದ್ದಿ ಪೂರ್ತಿ ತಿಳಿಯುತ್ತಿತ್ತು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ.

ಅಣ್ಣನನ್ನು ಮಣ್ಣು ಮಾಡಿದ ಮೂರನೆಯ ವಾರ ಅವಳು ಕಡಲ ಪಕ್ಕದ ಭಾಷಾ ಕೇಂದ್ರವೊಂದಕ್ಕೆ ಐದು ದಿನ ಹೋಗಿ ಉಳಿದಳು. ಬೆಳಗಿನಿಂದ ಊಟದ ಮೇಜಿನವರೆಗೂ ವೆಲ್ಷ್ ಒಂದೇ. ಅರವತ್ತಾರು ವರ್ಷದ ಹೆಂಗಸು, ಬರುವಾಗ ಶಾಲೆ ಬಿಟ್ಟ ಹುಡುಗಿಯ ಹಾಗೆ ಕೆನ್ನೆ ಕೆಂಪಾಗಿಸಿಕೊಂಡು ಬಂದಳು. ಬಂದವಳೇ ಒಂದು ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿದಳು. ಬೆಳಗಿನ ಚಹಾದಿಂದ ಸಂಜೆ ಆರರವರೆಗೆ ಮನೆಯಲ್ಲಿ ವೆಲ್ಷ್ ಮಾತ್ರ, ಒಂದು ತಿಂಗಳು ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಅವಳ ಸಹಿ. ನಾನೂ ನಗುತ್ತಾ ಸಹಿ ಹಾಕಿದೆ. ನನಗೇನು ಕಷ್ಟ, ನನ್ನ ಭಾಷೆ ತಾನೇ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಅವಳು ಮೇಜಿನ ಆಚೆ ಕೂತು, ಎರಡೂ ಕೈ ಜೋಡಿಸಿಕೊಂಡು, ಒಂದೊಂದೇ ಪದ ಆಯ್ದು ಕೇಳಿದಳು: "ನಿನ್ನೆ ರಾತ್ರಿ ನಿದ್ರೆ ಚೆನ್ನಾಗಿ ಬರುತ್ತದೆಯೇ?"

"ಬಂತು," ಎಂದೆ.

"ನಿನ್ನೆ ರಾತ್ರಿ ನಿದ್ರೆ ಚೆನ್ನಾಗಿ ಬಂತೇ?"

"ಬಂತು."

"ಇಂದು ಏನು ಮಾಡುವುದು ಇದೆ?"

ಇಂಜಿನ್ ಕೆಲಸ ಇದೆ ಎಂದು ಹೇಳಿ ಎದ್ದೆ. ಟೋಸ್ಟ್ ಅರ್ಧ ತಟ್ಟೆಯಲ್ಲೇ ಉಳಿಯಿತು. ಹಿತ್ತಲ ಶೆಡ್ಡಿಗೆ ಹೋಗಿ ಬಾಗಿಲು ಎಳೆದುಕೊಂಡೆ. ನನಗೇ ನಾಚಿಕೆಯಾಯಿತು. ಅವಳ ಜೊತೆ ನನಗೆ ಇಂಗ್ಲಿಷಿನಲ್ಲಿ ನಲವತ್ತೊಂದು ವರ್ಷದ ಚೇಷ್ಟೆ ಇತ್ತು, ಅಡ್ಡಹೆಸರುಗಳಿದ್ದವು, ಅರ್ಧಕ್ಕೇ ನಿಲ್ಲಿಸಿದರೂ ತಿಳಿಯುವ ಮಾತುಗಳಿದ್ದವು. ವೆಲ್ಷಿನಲ್ಲಿ ಅವಳಿಗೆ ಹೇಳಲು ನನ್ನ ಬಳಿ ಒಂದೂ ಇರಲಿಲ್ಲ. ಯಾರೋ ಹೊಸಬಳು ನಮ್ಮ ಅಡಿಗೆಮನೆಯಲ್ಲಿ ಕೂತು ನನ್ನನ್ನು ವಿಚಾರಿಸುತ್ತಿದ್ದ ಹಾಗಿತ್ತು.

ಆ ವಾರ ನಾನು ಒಂದೇ ಇಂಜಿನ್ನನ್ನು ಮೂರು ಸಲ ಬಿಚ್ಚಿ ಜೋಡಿಸಿದೆ. ಬಂದರಿನ ಕಟ್ಟೆಯ ಮೇಲೆ ದಿನಕ್ಕೆ ಎರಡು ಸಲ ನಡೆದೆ. ಮನೆಯಲ್ಲಿ ಕೂತರೆ ಅವಳು ಏನಾದರೂ ಕೇಳಿಬಿಡುತ್ತಾಳೆ ಎಂದು ಕೂರುತ್ತಿರಲಿಲ್ಲ. ಇನ್ನೊಂದು ತೊಡಕೂ ಇತ್ತು. ನಮ್ಮ ಭಾಷೆಯಲ್ಲಿ ನೀನು ಬೇರೆ, ನೀವು ಬೇರೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ. ಅವಳನ್ನು ಏನೆಂದು ಕರೆಯಬೇಕೆಂದು ನಾನು ಇಷ್ಟು ವರ್ಷ ಯೋಚಿಸಿಯೇ ಇರಲಿಲ್ಲ. ಎರಡನ್ನೂ ತಪ್ಪಿಸಿ ಮಾತಾಡುವುದು ಎಷ್ಟು ಕಷ್ಟ ಎಂಬುದು ಮಾಡಿ ನೋಡಿದವರಿಗೇ ಗೊತ್ತು. "ಚಹಾ ಬೇಕಾ" ಅನ್ನಬಹುದು. ಅದರ ಮುಂದೆ ದಾರಿಯಿಲ್ಲ.

ಅವಳೂ ಸುಮ್ಮನೆ ಕೂರಲಿಲ್ಲ. ಮನೆಯಲ್ಲಿ ಮಾತು ಸಿಗದಾಗ ಊರಿಗೆ ಹೋದಳು. ಬುಧವಾರ ಸಂತೆಯಿಂದ ಉರಿಮುಖ ಮಾಡಿಕೊಂಡು ಬಂದು ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. ಕಟುಕ ಡೆಲ್ವಿನ್ನನ ಅಂಗಡಿಯಲ್ಲಿ ಮಾಂಸ ಕೇಳಿದ್ದಳಂತೆ. ನಮ್ಮಲ್ಲಿ ಮಾಂಸಕ್ಕೂ ನಾಯಿಗೂ ಕೊನೆಯ ಒಂದು ಅಕ್ಷರದ ವ್ಯತ್ಯಾಸ. ಅವಳು ಅರ್ಧ ಕಿಲೋ ನಾಯಿ ಕೇಳಿದ್ದಳು.

"ನಕ್ಕನಾ ಅವನು?" ಎಂದೆ.

"ಇಲ್ಲ, ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದು. ಅವನು ಇಂಗ್ಲಿಷ್ ಮಾತನಾಡಿದನು. ತಕ್ಷಣ. ನಾನು ವೆಲ್ಷ್, ಅವನು ಇಂಗ್ಲಿಷ್. ನಾನು ವೆಲ್ಷ್, ಅವನು ಇಂಗ್ಲಿಷ್." ಅವಳು ಸ್ಕಾರ್ಫು ಬಿಚ್ಚಿ ಕುರ್ಚಿಯ ಮೇಲೆ ಎಸೆದಳು. "ನಾಯಿ ಕೊಡಲಿ. ಪರವಾಗಿಲ್ಲ. ಇಂಗ್ಲಿಷ್ ಕೊಡಬಾರದು."

ನನಗೆ ನಗು ಬಂತು, ಆದರೆ ಅದು ನನಗೂ ತಾಗಿತು. ಡೆಲ್ವಿನ್ನನ ಹಾಗೆ ನಾನೂ ದಿನವಿಡೀ ಅವಳ ವೆಲ್ಷಿನಿಂದ ತಪ್ಪಿಸಿಕೊಳ್ಳುತ್ತಿದ್ದೆ. ಅವನಾದರೂ ಮರ್ಯಾದೆಗೆಂದು ಮಾಡಿದ್ದ.

ನಮ್ಮಕ್ಕ ನೆಸ್ಟಾ ಪ್ರತಿ ಭಾನುವಾರ ಮಧ್ಯಾಹ್ನ ಫೋನು ಮಾಡುತ್ತಾಳೆ. ಎಪ್ಪತ್ತನಾಲ್ಕು ವಯಸ್ಸು, ರಿಯು ಗುಡ್ಡದ ಮೇಲೆ ಅಪ್ಪನ ಹಳೆಯ ತೋಟದ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ನಮ್ಮ ಮನೆಯ ಫೋನು ಇರುವುದು ನಡುಮನೆಯಲ್ಲಿ, ಅಡಿಗೆಮನೆಯ ಬಾಗಿಲಿಗೆ ಮೂರು ಹೆಜ್ಜೆ. ಇಷ್ಟು ವರ್ಷ ಪಾಲೀನ್ ಅಲ್ಲೇ ಕೆಲಸ ಮಾಡಿಕೊಂಡಿರುತ್ತಿದ್ದಳು, ನಾನು ಅಕ್ಕನ ಹತ್ತಿರ ಬಾಯಿಗೆ ಬಂದದ್ದು ಮಾತಾಡುತ್ತಿದ್ದೆ. ಬೆಕ್ಕಿನ ಎದುರು ಮಾತಾಡಲು ಯಾರು ತಾನೇ ಹಿಂಜರಿಯುತ್ತಾರೆ? ಆ ಭಾನುವಾರವೂ ಹಾಗೆಯೇ ಆಯಿತು.

"ಏನೋ, ನಿನ್ನ ವಿದ್ಯಾರ್ಥಿನಿ ಇನ್ನೂ ಓದ್ತಿದಾಳಾ?" ಎಂದಳು ನೆಸ್ಟಾ, ಫೋನಿನಿಂದ ಅಡಿಗೆಮನೆಗೂ ಕೇಳಿಸುವ ಅವಳ ದೊಡ್ಡ ದನಿಯಲ್ಲಿ.

"ಓದ್ತಿದಾಳೆ. ನಾನು ಮನೇಲಿ ಇರೋ ಹಾಗಿಲ್ಲ. ಇಡೀ ದಿನ ಪ್ರಶ್ನೆ, ಕೋರ್ಟಲ್ಲಿ ನಿಂತ ಹಾಗೆ."

"ಹೆಣಿಗೆ ಮಿಷನ್ ತಗೊಂಡಾಗ್ಲೂ ಹೀಗೇ ಕುಣಿದಿದ್ಲು. ಇನ್ನು ಹದಿನೈದು ದಿನ ನೋಡು."

"ಅವಳದ್ದು ಯಾವತ್ತೂ ಹಂಗೇ ಕಣೇ. ಶುರು ಜೋರು," ಎಂದು ನಾನು ನಕ್ಕೆ.

ಅಡಿಗೆಮನೆಯಲ್ಲಿ ಆಲೂಗಡ್ಡೆ ಸುಲಿಯುವ ಸದ್ದು ನಿಂತಿತು. ನಾನು ಫೋನಿಟ್ಟು ಒಳಗೆ ಹೋದೆ. ಪಾಲೀನ್ ಸಿಂಕಿಗೆ ಬೆನ್ನು ಕೊಟ್ಟು ನಿಂತಿದ್ದಳು, ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ವೆಲ್ಷಿನಲ್ಲಿ, ಒಂದೂ ತಪ್ಪಿಲ್ಲದೆ ಹೇಳಿದಳು:

"ಹೆಣಿಗೆಯ ಯಂತ್ರವನ್ನು ನಾನು ಎರಡು ವರ್ಷ ಓಡಿಸಿದೆ. ನೀನು ಹಾಕಿಕೊಂಡಿರುವ ಸ್ವೆಟರ್ ಅದರಲ್ಲಿ ಹೆಣೆದದ್ದು."

ನಾನು ಸ್ವೆಟರ್ ನೋಡಿಕೊಂಡೆ. ಹೌದು, ಅದೇ. "ಸುಮ್ಮನೆ ತಮಾಷೆಗೆ ಅಂದದ್ದು," ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅವಳು ಒದ್ದೆ ಬೆರಳಿನಿಂದ ಫ್ರಿಜ್ಜಿನ ಮೇಲಿನ ಹಾಳೆ ತೋರಿಸಿದಳು. "ಇನ್ನೂ ಆರು ಗಂಟೆ ಆಗಲಿಲ್ಲ."

ನಾನು ಸ್ವೆಟರಿನ ತೋಳು ಮಡಚಿದೆ.

"ಇಷ್ಟು ವರ್ಷ ಫೋನಿನಲ್ಲಿ ನನ್ನ ಬಗ್ಗೆ ಏನೇನು ಹೇಳಿದೆ?" ಎಂದು ಕೇಳಿದಳು. ಸಿಟ್ಟಿನಿಂದ ಕೇಳಿದ್ದರೆ ಉತ್ತರಿಸಬಹುದಿತ್ತು. ತಿಳಿದುಕೊಳ್ಳಬೇಕೆಂದು ಕೇಳಿದಳು. ನಾನು ಮತ್ತೆ ಶೆಡ್ಡಿಗೆ ಹೋದೆ.

ಮರುದಿನ ಬೆಳಿಗ್ಗೆ ಅವಳು ಸಣ್ಣ ಪೆಟ್ಟಿಗೆ ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು. ತಂಗಿಯ ಮನೆಗೆ, ವುಲ್ವರ್‌ಹ್ಯಾಂಪ್ಟನ್ನಿಗೆ ಹೊರಟಳೆಂದುಕೊಂಡೆ. ಪೆಟ್ಟಿಗೆಗೂ ಬಾಗಿಲಿಗೂ ನಡುವೆ ಹೋಗಿ ನಿಂತೆ.

"ಎಲ್ಲಿಗೆ?"

"ನೆಸ್ಟಾ ಮನೆಗೆ," ಎಂದಳು. "ನೀನು ಮಾತನಾಡುವುದಿಲ್ಲ. ಅವರು ನಿಲ್ಲಿಸುವುದಿಲ್ಲ."

ನಾನು ನಂಬಲಿಲ್ಲ. ಆ ಇಬ್ಬರ ನಡುವೆ ನಲವತ್ತು ವರ್ಷದಲ್ಲಿ ಕ್ರಿಸ್ಮಸ್ ಕಾರ್ಡು, ನೆಸ್ಟಾ ಕಳಿಸುವ ಒಣದ್ರಾಕ್ಷಿ ಬ್ರೆಡ್ಡು ಮತ್ತು ಹವೆಯ ಮಾತು ಬಿಟ್ಟರೆ ಏನೂ ನಡೆದಿರಲಿಲ್ಲ. ನೆಸ್ಟಾಳ ಇಂಗ್ಲಿಷು ಶಾಲೆಯಲ್ಲಿ ಬೆತ್ತದ ಎದುರು ಕಲಿತದ್ದು, ಇಸ್ತ್ರಿ ಹಾಕಿದ ಹಾಗೆ ಗಟ್ಟಿ. ಅದನ್ನು ಕೇಳಿದ ಪಾಲೀನ್ ಇವಳಿಗೆ ನಾನೆಂದರೆ ಆಗದು ಎಂದುಕೊಂಡಿದ್ದಳು. ಅದು ಪೂರ್ತಿ ಸುಳ್ಳೇನೂ ಅಲ್ಲ. ತಮ್ಮನಾದ ನಾನು ನಮ್ಮೂರಿನವಳನ್ನು ಕಟ್ಟಿಕೊಳ್ಳಲಿಲ್ಲವೆಂದು ನೆಸ್ಟಾಳಿಗೂ ಒಳಗೊಳಗೆ ಬೇಸರ ಇತ್ತು.

ಆಮೇಲೆ ನೆಸ್ಟಾಳೇ ಹೇಳಿದಳು: "ಫೋನ್ ಮಾಡಿ, 'ನಾನು ನಾಳೆ ಬರುತ್ತೇನೆ, ನೀವು ನನ್ನೊಡನೆ ಮಾತನಾಡುತ್ತೀರಿ' ಅಂದ್ಲು. ಕೇಳಿದ್ಲೋ ಅಪ್ಪಣೆ ಕೊಟ್ಲೋ ಗೊತ್ತಾಗ್ಲಿಲ್ಲ. ಯೋಚನೆ ಮಾಡೋ ಹೊತ್ತಿಗೆ ಹಾಸಿಗೆಗೆ ಹೊಸ ಹೊದಿಕೆ ಹಾಕ್ತಾ ಇದ್ದೆ."

ಹೀಗೆ ಅವಳು ಬಸ್ಸು ಹತ್ತಿ ಹೋದಳು. ನಾನು ಕಾರಿನಲ್ಲಿ ಬಿಡುತ್ತೇನೆಂದರೂ ಕೇಳಲಿಲ್ಲ. ಬಸ್ಸಿನಲ್ಲಿಯೂ ಮಾತಿಗೆ ಯಾರಾದರೂ ಸಿಗುತ್ತಾರೆ ಎಂದಳು.

ಮನೆಯಲ್ಲಿ ಈಗ ಯಾರೂ ಏನೂ ಕೇಳುವಂತಿರಲಿಲ್ಲ. ಬೇಕಾದಷ್ಟು ಹೊತ್ತು ಕೂರಬಹುದಿತ್ತು. ಆದರೂ ಕೂರಲಾಗಲಿಲ್ಲ. ರೇಡಿಯೋ ಹಾಕುತ್ತಿದ್ದೆ, ಆರಿಸುತ್ತಿದ್ದೆ. ಕಟ್ಟೆಯ ಮೇಲೆ ನಡೆಯುತ್ತಿದ್ದೆ. ಗಾಳಿ ಜೋರಿದ್ದರೆ ಅರ್ಧಕ್ಕೇ ಹಿಂತಿರುಗುತ್ತಿದ್ದೆ, ಮನೆ ಮುಟ್ಟಿದ ಕೂಡಲೇ ಮತ್ತೆ ಕೋಟು ಹಾಕುತ್ತಿದ್ದೆ. ಮೂರನೆಯ ದಿನ ಫೋನು ಮಾಡಿದೆ. "ಪಾಠ ನಡೀತಿದೆ," ಎಂದು ನೆಸ್ಟಾ ಇಟ್ಟುಬಿಟ್ಟಳು. ಐದನೆಯ ದಿನ ಪಾಲೀನಳ ಓದುವ ಕನ್ನಡಕ ಕಿಟಕಿಯ ಮೇಲೆ ಸಿಕ್ಕಿತು. ಅದನ್ನು ನೆಪ ಮಾಡಿಕೊಂಡು ಗುಡ್ಡ ಹತ್ತಿದೆ.

ನೆಸ್ಟಾ ಬಾಗಿಲನ್ನು ಒಂದು ಗೇಣು ತೆರೆದಳು. ಏಪ್ರನ್ನಿನ ತುಂಬ ಹಿಟ್ಟು.

"ಕನ್ನಡಕ ಕೊಡು," ಎಂದಳು.

"ಒಳಗೆ ಬರ್ತೀನಿ."

"ಬರಬೇಡ. ನೀನು ಬಂದ್ರೆ ಅವಳು ಇಂಗ್ಲಿಷಿಗೆ ತಿರುಗ್ತಾಳೆ. ಈಗ ತಾನೇ ದಾರಿಗೆ ಬರ್ತಿದಾಳೆ."

"ಹೇಗಿದಾಳೆ?"

"ಹೇಗಿರ್ತಾಳೆ? ಪದದ ಮೊದಲಕ್ಷರ ಬದಲಾಗೋದನ್ನೇ ಮರೀತಾಳೆ, ಕ ಗ ಆಗೋ ಕಡೆ ಕ ಅಂತಾಳೆ, ತ ದ ಆಗೋ ಕಡೆ ತ ಅಂತಾಳೆ. ದಿನಕ್ಕೆ ನೂರು ಸಲ ತಿದ್ದಿದೀನಿ. ನಿನ್ನೆ ಒಂದ್ಸಲ ಅತ್ಲು. ಕಣ್ಣು ಒರೆಸ್ಕೊಂಡು ಮತ್ತೆ ಅದೇ ವಾಕ್ಯ ಹೇಳಿದ್ಲು. ನಾನು ಅಂದ್ಕೊಂಡಿದ್ದ ಹೆಂಗಸಲ್ಲ ಕಣೋ ಇವಳು."

ಒಳಗಿನಿಂದ ಪಾಲೀನಳ ಕೂಗು ಕೇಳಿತು: "ನೆಸ್ಟಾ, ಹಾಲು ಉಕ್ಕಿದನು!"

"ಉಕ್ಕಿತು!" ಎಂದು ಕೂಗುತ್ತಾ ನೆಸ್ಟಾ ನನ್ನ ಮುಖದ ಮೇಲೆ ಬಾಗಿಲು ಹಾಕಿ ಓಡಿದಳು.

ಮನೆಗೆ ಬಂದು ನಾನು ಅಭ್ಯಾಸ ಶುರುಮಾಡಿದೆ. ನಗಬೇಡಿ. ಎಪ್ಪತ್ತು ವರ್ಷದವನು, ಹುಟ್ಟಿದ್ದು ಆ ಭಾಷೆಯಲ್ಲಿ, ಶೆಡ್ಡಿನಲ್ಲಿ ಇಂಜಿನ್ನಿನ ಎದುರು ನಿಂತು "ಪಾಲೀನ್, ಮನೆಗೆ ಬಾ" ಎಂದು ಹೇಳಿಕೊಂಡೆ. ಇಂಜಿನ್ನಿಗೆ ಸಲೀಸಾಗಿ ಹೇಳಿದೆ. ಕಾರಿನಲ್ಲಿ ಹೇಳಿದೆ. ಕನ್ನಡಿಯಲ್ಲಿ ನನ್ನ ಮುಖಕ್ಕೆ ಹೇಳುವಾಗ ದನಿ ಅಪ್ಪನ ದನಿಯ ಹಾಗೆ ಕೇಳಿಸಿತು. ಒಂದು ವಾರ ಹೀಗೆಯೇ ಕಳೆಯಿತು.

ಹನ್ನೆರಡನೆಯ ದಿನ, ಶುಕ್ರವಾರ ಮಧ್ಯಾಹ್ನ, ಮತ್ತೆ ಗುಡ್ಡ ಹತ್ತಿದೆ. ಬಿಸಿಲಿತ್ತು. ಅಡಿಗೆಮನೆಯ ಬಾಗಿಲು ತೆರೆದಿತ್ತು. ಒಳಗೆ ಜಗಳ ನಡೆಯುತ್ತಿತ್ತು. ನಾನು ನೀರಿನ ಪೀಪಾಯಿಯ ಪಕ್ಕ ನಿಂತೆ.

"ಬ್ರೆಡ್ಡಿನ ಒಣದ್ರಾಕ್ಷಿ ಬಿಸಿ ಚಹಾದಲ್ಲಿ ನೆನೆಸ್ಬೇಕು," ಎನ್ನುತ್ತಿದ್ದಳು ಪಾಲೀನ್. "ತಣ್ಣಗೆ ಇದ್ರೆ ಅವಳು ಊದಲ್ಲ."

"ಅವು ಊದಲ್ಲ. ಅವಳು ಅಲ್ಲ, ಅವು. ನಮ್ಮಮ್ಮ ಅರವತ್ತು ವರ್ಷ ತಣ್ಣಗಿನ ಚಹಾದಲ್ಲೇ ನೆನೆಸಿದ್ಲು."

"ಅವು ಊದಲ್ಲ. ಅದಕ್ಕೇ ನಿಮ್ಮ ಬ್ರೆಡ್ ಕಲ್ಲು. ನಲವತ್ತು ಕ್ರಿಸ್ಮಸ್ ತಿಂದಿದೀನಿ, ನನ್ನ ಹಲ್ಲು ಕೇಳಿ."

"ಹಲ್ಲನ್ನ ಕೇಳಿ. ಹಲ್ಲು ಕೇಳಿ ಅಂದ್ರೆ ಹಲ್ಲು ಕೊಡಿ ಅಂದಂಗಾಗತ್ತೆ."

"ಹಲ್ಲನ್ನ ಕೇಳಿ. ಅವು ಹೇಳ್ತವೆ."

ನೆಸ್ಟಾ ನಗಲು ಶುರುಮಾಡಿದಳು. ಅವಳು ನಕ್ಕರೆ ಕೆಮ್ಮು ಬರುತ್ತದೆ, ಮೇಜು ಹಿಡಿದುಕೊಳ್ಳುತ್ತಾಳೆ. ನಾನು ಅಲ್ಲಿ ನಿಂತು ಕೇಳಿದೆ. ಪಾಲೀನಳ ಮಾತಿನಲ್ಲಿ ತಪ್ಪುಗಳು ಹಾಗೇ ಇದ್ದವು, ಆದರೆ ಮಾತು ನಿಲ್ಲುತ್ತಿರಲಿಲ್ಲ. ಪುಸ್ತಕದ ಮಾತೂ ಹೋಗಿತ್ತು. ಕೊನೆಯ ಸ್ವರ ಎಳೆಯುವ ರೀತಿ ನೆಸ್ಟಾಳದ್ದೇ, ನಮ್ಮ ಗುಡ್ಡದ್ದೇ. ನನ್ನ ಹೆಂಡತಿ ನಮ್ಮಮ್ಮನ ಅಡಿಗೆಮನೆಯಲ್ಲಿ ನಮ್ಮಕ್ಕನನ್ನು ಛೇಡಿಸುತ್ತಿದ್ದಳು. ನಾನೊಬ್ಬ ಹೊರಗೆ ನಿಂತಿದ್ದೆ. ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಒಳಗೆ ಕಾಲಿಟ್ಟೆ. ಇಬ್ಬರೂ ತಿರುಗಿದರು.

"ಪಾಲೀನ್, ಮನೆಗೆ ಬನ್ನಿ," ಎಂದೆ.

ಬಾ ಎನ್ನಬೇಕೆಂದು ವಾರವಿಡೀ ಅಭ್ಯಾಸ ಮಾಡಿದ್ದು ಬಾಯಿಗೆ ಬಂದಾಗ ಬನ್ನಿ ಆಗಿತ್ತು. ನೆಸ್ಟಾ ಮತ್ತೆ ಮೇಜು ಹಿಡಿದುಕೊಂಡಳು. "ಕೇಳಿದ್ಯೇನೇ? ಬ್ಯಾಂಕ್ ಮ್ಯಾನೇಜರನ್ನ ಕರೆದ ಹಾಗೆ ಕರೀತಿದಾನೆ."

ಪಾಲೀನ್ ನಗಲಿಲ್ಲ. "ಯಾಕೆ ನೀವು?" ಎಂದು ಕೇಳಿದಳು. "ಡಾಕ್ಟರಿಗೆ ನೀವು. ಪಾದ್ರಿಗೆ ನೀವು. ನಾನು ಹೊರಗಿನವಳಾ?"

"ಅಲ್ಲ," ಎಂದೆ. ಕೂರಲು ಕುರ್ಚಿ ಎಳೆದೆ, ಕೂರದೆ ಅದರ ಬೆನ್ನು ಹಿಡಿದು ನಿಂತೆ. ನಾನು ಅವಳಿಗೆ ವೆಲ್ಷಿನಲ್ಲಿ ಆಡಿದ ಮೊದಲ ಉದ್ದ ಮಾತು ಅದು. "ನಮ್ಮಪ್ಪ ಈ ಮನೇಲಿ ಎಲ್ಲರನ್ನೂ ನೀನು ಅಂತಿದ್ದ. ನನ್ನ, ಇವಳನ್ನ, ಗೆರಾಲ್ಟನ್ನ, ನಾಯೀನ. ನೀನು ಅಂದ್ರೆ ಸಾಕು, ಅದರ ಹಿಂದೆ ಒಂದು ಬೈಗುಳ ಬರ್ತಿತ್ತು. ಇಲ್ಲ ಅಂದ್ರೆ ಬೆಲ್ಟು. ಅಮ್ಮನ್ನ ಮಾತ್ರ ಸಾಯೋ ತನಕ ನೀವು ಅಂದ. ಅಮ್ಮನ ಹತ್ರ ಮಾತಾಡೋವಾಗ ಮಾತ್ರ ಅವನ ದನಿ ಕೆಳಗೆ ಬರ್ತಿತ್ತು. ನನಗೆ ಆ ನೀನು ಬಾಯಿಗೆ ಬಂದ್ರೆ ಅವನೇ ಬಂದ ಹಾಗಾಗತ್ತೆ. ಇಂಗ್ಲಿಷಲ್ಲಿ ಅವನು ಇರ್ಲಿಲ್ಲ. ಅದಕ್ಕೇ."

ನೆಸ್ಟಾ ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾ ನೆಲ ನೋಡುತ್ತಿದ್ದಳು. ಅವಳೂ ನಾನೂ ಇದನ್ನು ಯಾವತ್ತೂ ಮಾತಾಡಿರಲಿಲ್ಲ.

ಪಾಲೀನ್ ಹುಬ್ಬು ಗಂಟಿಕ್ಕಿ ನನ್ನ ತುಟಿಯನ್ನೇ ನೋಡುತ್ತಿದ್ದಳು. "ಅರ್ಧ ತಿಳೀಲಿಲ್ಲ," ಎಂದಳು. "ಬೇಗ ಹೇಳಿದೆ. ಇನ್ನೊಂದ್ಸಲ. ನಿಧಾನ."

ಇಂಗ್ಲಿಷಿನಲ್ಲಿ ಹೇಳಿಬಿಡಬಹುದಿತ್ತು, ಒಂದು ನಿಮಿಷದ ಮಾತು. ಅವಳು ಇಂಗ್ಲಿಷ್ ಕೇಳಲಿಲ್ಲ, ನಾನೂ ಕೊಡಲಿಲ್ಲ. ಮತ್ತೆ ಮೊದಲಿನಿಂದ, ಒಂದೊಂದೇ ವಾಕ್ಯ ಬಿಡಿಸಿ ಹೇಳಿದೆ. ಮೊದಲ ಸಲ ಹೇಳುವಾಗ ಓಡಿ ದಾಟಿಬಿಟ್ಟಿದ್ದೆ, ಎರಡನೆಯ ಸಲ ನಡೆಯಬೇಕಾಯಿತು. ಬೆಲ್ಟು ಎಂಬಲ್ಲಿ ಅವಳು ತಡೆದು, "ಸೊಂಟದ್ದಾ?" ಎಂದು ಕೇಳಿದಳು. ಹೌದು, ಸೊಂಟದ್ದು ಎಂದೆ. ತೋರಿಸಿದೆ. ಅವಳ ಕಣ್ಣು ತುಂಬಿತು. ನಲವತ್ತೊಂದು ವರ್ಷದಲ್ಲಿ ನಮ್ಮಪ್ಪನ ಬಗ್ಗೆ ನಾನು ಅವಳಿಗೆ ಹೇಳಿದ್ದು ಇಷ್ಟೇ: ಕಟ್ಟುನಿಟ್ಟಿನ ಮನುಷ್ಯ.

"ಸರಿ," ಎಂದಳು ಕೊನೆಗೆ. "ನೀವು ಅಂತಾನೇ ಕರಿ. ನಾನು ನೀನು ಅಂತೀನಿ. ನಂಗೆ ಅಭ್ಯಾಸ ಆಗಿದೆ."

"ದೇವರೇ, ಹೆಂಡತಿ ನೀನು, ಗಂಡ ನೀವು," ಎಂದಳು ನೆಸ್ಟಾ ಮೂಗು ಒರೆಸಿಕೊಂಡು. "ಊರವರು ಏನಂತಾರೋ."

"ಊರವರು ಇಂಗ್ಲಿಷಲ್ಲಿ ಮಾತಾಡ್ತಾರೆ," ಎಂದಳು ಪಾಲೀನ್. "ನನ್ನ ನೋಡಿದ ಕೂಡಲೇ."

ಬ್ರೆಡ್ಡು ಬೇಯುವ ತನಕ ಕಾಯಬೇಕಾಯಿತು. ಎರಡು ಮಾಡಿದ್ದರು, ಒಂದು ಬಿಸಿ ಚಹಾದ್ದು, ಒಂದು ತಣ್ಣಗಿನದು. ರುಚಿ ನೋಡಿ ತೀರ್ಪು ಹೇಳು ಎಂದರು. ಎರಡೂ ಒಂದೇ ಥರ ಇದ್ದವು. ಹಾಗೆಂದು ಹೇಳಿ ಇಬ್ಬರಿಂದಲೂ ಬೈಸಿಕೊಂಡೆ.

ಗುಡ್ಡ ಇಳಿಯುವಾಗ ಕಾರಿನಲ್ಲಿ ಏನು ಮಾತಾಡುವುದೆಂದು ನನಗೆ ಮತ್ತೆ ಗಾಬರಿ. ಪಾಲೀನ್ ಕಿಟಕಿ ಇಳಿಸಿ, ಬೇಲಿಯಾಚೆ ತೋರಿಸಿ ಕೇಳಿದಳು: "ಈ ಹೊಲಕ್ಕೆ ಹೆಸರಿದೆಯಾ?"

"ಇದೆ. ಬಾವಿ ಹೊಲ."

"ಅದು?"

"ಅದು ಮೂರು ಮೂಲೆ ಹೊಲ. ಅದರ ಆಚೆಗಿನದು ಕುದುರೆ ಮಲಗಿದ ಹೊಲ."

"ಕುದುರೆ ಯಾಕೆ ಮಲಗ್ತು?"

ಯಾಕೆ ಮಲಗಿತೆಂದು ಹೇಳಿದೆ. ತಾತನ ಕಾಲದ ಕಥೆ ಅದು. ಆ ದಾರಿಯಲ್ಲಿ ನಾನು ಅವಳನ್ನು ಕೂರಿಸಿಕೊಂಡು ನೂರಾರು ಸಲ ಹೋಗಿದ್ದೇನೆ. ಪ್ರತಿ ಹೊಲದ ಹೆಸರೂ ನನಗೆ ಗೊತ್ತು. ಒಂದನ್ನೂ ಅವಳಿಗೆ ಹೇಳಿರಲಿಲ್ಲ. ಇಂಗ್ಲಿಷಿನಲ್ಲಿ ಅವಕ್ಕೆ ಹೆಸರೇ ಇಲ್ಲವೆಂಬಂತೆ ಇದ್ದೆ. ಅವಳು ಪ್ರತಿಯೊಂದನ್ನೂ ನನ್ನ ಹಿಂದೆಯೇ ಹೇಳಿಕೊಳ್ಳುತ್ತಿದ್ದಳು. ಗ ಆಗಬೇಕಾದಲ್ಲಿ ಕ ಅಂದಾಗ ನಾನು ತಿದ್ದಿದೆ. ತಿದ್ದಿದ್ದಕ್ಕೆ ಅವಳು ತಲೆಯಾಡಿಸಿದಳು. ಒಂದೆರಡು ಕಡೆ ಕಾರು ನಿಲ್ಲಿಸಬೇಕಾಯಿತು, ಹಿಂದಿನ ವ್ಯಾನಿನವನು ಹಾರನ್ ಹೊಡೆದ.

ಹನ್ನೆರಡು ಮೈಲಿಗೆ ಒಂದೂಮುಕ್ಕಾಲು ಗಂಟೆ ಹಿಡಿಯಿತು. ಊರಿನ ಅಂಚಿನಲ್ಲಿ ಕ್ಯಾರವಾನುಗಳು ಸಾಲಾಗಿ ನಿಂತ ಬಯಲು ಬಂದಾಗ ಅವಳು ಮತ್ತೆ ಕೈ ತೋರಿಸಿದಳು.

"ಇದು?"

"ಇದಕ್ಕೂ ಒಂದು ಹೆಸರಿತ್ತು," ಎಂದೆ. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕಾರನ್ನು ಬದಿಗೆ ನಿಲ್ಲಿಸಿ ಬೆರಳಿನಿಂದ ಸ್ಟೇರಿಂಗ್ ಬಡಿಯುತ್ತಾ ಕೂತೆ.

"ಯೋಚನೆ ಮಾಡು," ಎಂದಳು ಅವಳು, ಸೀಟ್ ಬೆಲ್ಟು ಬಿಚ್ಚಿ ನನ್ನ ಕಡೆ ತಿರುಗಿ ಕೂತು. "ನಂಗೆ ಅವಸರ ಇಲ್ಲ."